ಸಾರಂಗ ತಿಂದ ಮದ್ದು

"ಜಿಂಕೆಗಳಿಗೆಂದು ತರಿಸಿದ ಜಂತುಹುಳುವಿನ ಮದ್ದು ಕೆಲಸದವರ ಕೈಯಲ್ಲಿ ದಾರಿ ತಪ್ಪಿದ್ದರಿಂದ ಈ ವರ್ಷ ಹದಿನಾಲ್ಕು ಮರಿಗಳು ಸತ್ತಿವೆ ಎಂದು ಫಾರ್ಮಿನ ಮಾಲೀಕರು ವಿಷಾದದಿಂದ ತಿಳಿಸಿದರು." ನಮ್ಮ ಪಂಚಾಯ್ತಿಯ ನಾಲ್ಕು ಪುಟದ ಪತ್ರಿಕೆಯ ಏಪ್ರಿಲ್ ಸಂಚಿಕೆಯಲ್ಲಿ ಈ ವಾಕ್ಯ ಇದೆ. ಬರೆದವಳು ನಾನೇ. ಔಸ್ಮಾ ಎಂದು ನನ್ನ ಹೆಸರು. ವಾರವೆಲ್ಲ ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ತಿಂಗಳಿಗೊಮ್ಮೆ ಆ ಪತ್ರಿಕೆ ಹೊರಡಿಸುತ್ತಿದ್ದೆ. ಊರಿನ ಹಬ್ಬದಲ್ಲಿ ಆ ಮಾಲೀಕ ಮೈಕಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಮನೆಗೆ ಬಂದೆ, ಚಹಾ ಕುಡಿಯುತ್ತಾ ಟೈಪ್ ಮಾಡಿದೆ. ನಿಜವೋ ಸುಳ್ಳೋ ಎಂದು ಒಬ್ಬರನ್ನೂ ವಿಚಾರಿಸಲಿಲ್ಲ. ಹೆಸರು ಹಾಕಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಫಾರ್ಮಿನಲ್ಲಿ ಜಿಂಕೆಗಳಿಗೆ ಮೇವು ಹಾಕುವವಳು ಇದ್ದದ್ದೇ ಒಬ್ಬಳು. ಅವಳ ಹೆಸರು ಹಾಕುವ ಅಗತ್ಯವೇ ಇರಲಿಲ್ಲ ಎನ್ನುವುದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು, ಬೇಡವೆಂದು ಬಿಟ್ಟೆ.

ಅವಳು ವೆಲ್ತಾ. ನಾನೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸೋವಿಯತ್ ಕಾಲದಲ್ಲಿ ಇಲ್ಲಿದ್ದ ಸಾಮೂಹಿಕ ಡೇರಿಯಲ್ಲಿ ಹಾಲು ಕರೆಯುತ್ತಿದ್ದಳು. ಡೇರಿ ಮುಚ್ಚಿ, ಹಸುಗಳನ್ನು ಹಂಚಿಕೊಂಡು ಎಲ್ಲರೂ ದಿಕ್ಕಾಪಾಲಾದರು. ಕೆಲವು ವರ್ಷ ಸಿಕ್ಕಿದ ಕೆಲಸ ಮಾಡಿಕೊಂಡಿದ್ದು, ಆಮೇಲೆ ಎಯ್ಜೆನ್ಸ್ ಎಂಬ ಮುದುಕ ಕೆರೆಯಾಚೆಯ ಹಾಳು ಹೊಲಗಳಿಗೆ ಎತ್ತರದ ಬೇಲಿ ಹಾಕಿ ಜಿಂಕೆ ಸಾಕಲು ಶುರು ಮಾಡಿದಾಗ ಅವನ ಹತ್ತಿರ ಕೆಲಸಕ್ಕೆ ಸೇರಿಕೊಂಡಳು. ಹತ್ತೊಂಬತ್ತು ವರ್ಷ ಅಲ್ಲೇ ದುಡಿದಳು. ಮಂಜು ಬೀಳಲಿ, ಜ್ವರ ಬರಲಿ, ಬೆಳಿಗ್ಗೆ ಏಳಕ್ಕೆ ಬೇಲಿಯ ಬಾಗಿಲಲ್ಲಿ ಇರುತ್ತಿದ್ದಳು. ಜಿಂಕೆ ಹಸುವಿನ ಹಾಗಲ್ಲ, ಎಷ್ಟು ವರ್ಷ ಸಾಕಿದರೂ ಮನುಷ್ಯನ ನೆರಳು ಕಂಡರೆ ಹಾರುತ್ತದೆ. ಅಂಥದ್ದರಲ್ಲಿ ಅವಳು "ಹೋ ಹೋ ಹೋ" ಎಂದು ಕೂಗಿದರೆ ಇಡೀ ಹಿಂಡು ಕಾಡಂಚಿನಿಂದ ಇಳಿದು ಬರುತ್ತಿತ್ತು.

ಎಯ್ಜೆನ್ಸ್ ಇದ್ದಾಗ ಎಂಬತ್ತು ಜಿಂಕೆಗಳಿದ್ದವು. ಅವನು ತೀರಿಕೊಂಡ ಮೇಲೆ ಫಾರ್ಮು ಅಳಿಯ ಮೋದ್ರಿಸ್‌ನ ಕೈಗೆ ಬಂತು. ಮೋದ್ರಿಸ್ ರಾಜಧಾನಿ ರೀಗಾದಲ್ಲಿ ಕಾರು ಮಾರುತ್ತಿದ್ದವನು. ಮಾತು ಚೆನ್ನಾಗಿ ಬರುತ್ತಿತ್ತು, ಬೂಟು ಯಾವಾಗಲೂ ಹೊಳೆಯುತ್ತಿತ್ತು. ಐದೇ ವರ್ಷದಲ್ಲಿ ಅದೇ ಬೇಲಿಯೊಳಗೆ ಇನ್ನೂರ ಅರವತ್ತು ಜಿಂಕೆಗಳಾದವು. ರೀಗಾದಿಂದ ಬರುವ ಪ್ರವಾಸಿಗರಿಗಾಗಿ ಮರದ ಅಟ್ಟಣಿಗೆ ಕಟ್ಟಿಸಿದ. ಅಟ್ಟಣಿಗೆಯ ಮೇಲೆ ಕಾಫಿ ಕುಡಿಯುತ್ತಾ ನಿಂತವರಿಗೆ ಎಲ್ಲಾ ಪ್ರಾಣಿಗಳೂ ಒಟ್ಟಿಗೆ ಕಾಣಬೇಕೆಂದು ಅದರ ಬುಡದಲ್ಲೇ ಸಿಮೆಂಟಿನ ಉದ್ದನೆಯ ಗೋದಲಿ ಹಾಕಿಸಿದ. ಮುದುಕನ ಕಾಲದಲ್ಲಿ ವೆಲ್ತಾ ಕಾಳು, ಬೀಟ್‌ರೂಟು, ಮದ್ದು ಏನೇ ಇದ್ದರೂ ಬೇಲಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಗುಡ್ಡೆ ಮಾಡಿ ಹಾಕುತ್ತಿದ್ದಳು. ಇನ್ನು ಮುಂದೆ ಎಲ್ಲವೂ ಗೋದಲಿಗೇ ಬೀಳಬೇಕೆಂದು ಮೋದ್ರಿಸ್ ಅಪ್ಪಣೆ ಮಾಡಿದ.

ಗೋದಲಿಗೆ ಮೊದಲು ಬರುವುದು ದೊಡ್ಡ ಕೊಂಬಿನ ಗಂಡು ಸಾರಂಗಗಳು. ಅವು ತಲೆ ಆಡಿಸಿದರೆ ಸಾಕು, ಉಳಿದವು ಹಿಂದೆ ಸರಿಯುತ್ತವೆ. ಅವು ತಿಂದು ಬಿಟ್ಟ ಮೇಲೆ ಹೆಣ್ಣುಗಳ ಸರದಿ, ಅದರಲ್ಲೂ ಬಲವಾದ ಹೆಣ್ಣುಗಳದ್ದು. ಮರಿಗಳಿಗೆ ಸಿಗುವುದು ನೆಲಕ್ಕೆ ಚೆಲ್ಲಿದ್ದು, ತುಳಿದು ಕೆಸರಾದದ್ದು. ಜಿಂಕೆಯನ್ನು ಹಿಡಿದು ಬಾಯಿ ತೆರೆಸಿ ಮದ್ದು ಹಾಕಲಾಗುವುದಿಲ್ಲ. ಹುಳುವಿನ ಮದ್ದನ್ನು ಕಾಳಿನಲ್ಲಿ ಬೆರೆಸಿಯೇ ಕೊಡಬೇಕು. ಕಾಳು ಯಾರ ಹೊಟ್ಟೆಗೋ ಮದ್ದೂ ಅವರ ಹೊಟ್ಟೆಗೇ.

ಇದನ್ನೆಲ್ಲ ವೆಲ್ತಾ ಅವನಿಗೆ ಹೇಳಿದ್ದಳು. ಒಂದು ಸಲವಲ್ಲ. ಕಳೆದ ಅಕ್ಟೋಬರಿನಲ್ಲೇ ಮರಿಗಳ ಬಾಲದ ಸುತ್ತ ಹಿಕ್ಕೆ ಮೆತ್ತಿಕೊಂಡಿದ್ದನ್ನು ಕಂಡು ಅವನ ಆಫೀಸಿಗೆ ಹೋಗಿದ್ದಳು. ಜಿಂಕೆಯ ಹಿಕ್ಕೆ ಮಣಿಯಂತೆ ಉದುರಬೇಕು, ಇವುಗಳದ್ದು ಹಸುವಿನ ಸಗಣಿಯಂತೆ ಬೀಳುತ್ತಿದೆ, ಮೈಮೇಲಿನ ಕೂದಲು ಒರಟಾಗಿ ನಿಂತಿದೆ, ಹೊಟ್ಟೆಯಲ್ಲಿ ಹುಳು ತುಂಬಿದೆ ಎಂದಳು. ಇಷ್ಟು ಜಾಗದಲ್ಲಿ ಇಷ್ಟು ಪ್ರಾಣಿ ಇಟ್ಟರೆ ತಾವೇ ಹಿಕ್ಕೆ ಹಾಕಿದ ಹುಲ್ಲನ್ನು ತಾವೇ ಮೇಯುತ್ತವೆ, ಹುಳು ಸುತ್ತಿ ಸುತ್ತಿ ಅವುಗಳ ಹೊಟ್ಟೆಗೇ ಬರುತ್ತದೆ ಎಂದೂ ಹೇಳಿದಳು. ಮದ್ದು ಹಾಕುವುದಾದರೆ ಮೂವತ್ತು ಕಡೆ ಹಲಗೆಯ ತೊಟ್ಟಿ ಇಡಿಸಿ, ಗಂಡುಗಳನ್ನು ಎರಡು ದಿನ ಆಚೆಯ ಬೇಲಿಗೆ ಹಾಕಿ ಎಂದು ಕೇಳಿಕೊಂಡಳು.

ಮೋದ್ರಿಸ್ ನಕ್ಕನಂತೆ. "ಏನಮ್ಮ ವೆಲ್ತಾ, ಮೂವತ್ತು ತೊಟ್ಟಿ ಇಟ್ಟು ಏನು ಮದುವೆ ಊಟ ಬಡಿಸ್ಬೇಕಾ? ಜನ ದುಡ್ಡು ಕೊಟ್ಟು ಬರೋದು ಹಿಂಡು ನೋಡೋಕೆ. ಡಾಕ್ಟ್ರು ಪರೀಕ್ಷೆ ಮಾಡಿ ಎಲ್ಲಾ ಸರಿ ಇದೆ ಅಂತ ಬರ್ಕೊಟ್ಟಿದಾರೆ. ನೀವು ಡಾಕ್ಟ್ರಿಗಿಂತ ಜಾಸ್ತಿ ಓದಿದೀರಾ?"

ಪಶುವೈದ್ಯ ಡಾಕ್ಟರ್ ಉಲ್ದಿಸ್ ಬರೆದುಕೊಟ್ಟಿದ್ದು ನಿಜ. ಆದರೆ ಆ ವರ್ಷ ಅವನು ಬೇಲಿಯೊಳಗೆ ಕಾಲಿಟ್ಟಿದ್ದನ್ನು ವೆಲ್ತಾ ನೋಡಿರಲಿಲ್ಲ. ಬಾಗಿಲ ಬೀಗದ ಕೈ ಇದ್ದದ್ದು ಅವಳ ಹತ್ತಿರ.

ನವೆಂಬರಿನಲ್ಲಿ ಮದ್ದು ಬೆರೆಸಿದ ಕಾಳು ಬಂತು. ಹೇಳಿದ ಹಾಗೆ ಗೋದಲಿಗೆ ಸುರಿದಳು. ಮರಿಗಳಿಗೆ ದಾರಿ ಬಿಡಿಸಲು ಕೋಲು ಹಿಡಿದು ಗಂಡುಗಳ ಮುಂದೆ ನಿಂತಳು, ಒಂದು ಸಾರಂಗ ಕೊಂಬು ಬೀಸಿ ಅವಳ ತೋಳಿನ ಕೋಟು ಸೀಳಿತು. ಫೆಬ್ರವರಿ ಕೊನೆಗೆ ಮೊದಲ ಮರಿ ಸತ್ತಿತು. ಆಮೇಲೆ ವಾರಕ್ಕೆ ಎರಡು, ಮೂರು. ಬೆಳಿಗ್ಗೆ ಹೋದರೆ ಆಲ್ಡರ್ ಮರಗಳ ತಗ್ಗಿನಲ್ಲಿ ಮಂಜಿನ ಮೇಲೆ ಮಲಗಿರುತ್ತಿದ್ದವು. ಎತ್ತಿದರೆ ಬೆಕ್ಕಿನಷ್ಟು ಭಾರವೂ ಇಲ್ಲ ಎನ್ನುತ್ತಿದ್ದಳು. ಮಾರ್ಚಿನಲ್ಲಿ ಇನ್ನೊಮ್ಮೆ ಮದ್ದು ತರಿಸಿದರು, ಮತ್ತೆ ಅದೇ ಗೋದಲಿಗೆ ಹಾಕಿಸಿದರು. ಅದೇ ವಾರ ಎಸ್ಟೋನಿಯಾದಿಂದ ಒಬ್ಬ ವ್ಯಾಪಾರಿ ನಲವತ್ತು ಎಳೆ ಜಿಂಕೆ ಕೊಳ್ಳಲು ಬಂದ. ಬೇಲಿಯ ಹೊರಗಿನಿಂದಲೇ ಅವುಗಳ ಬಾಲ ನೋಡಿದ, ಕಾರು ತಿರುಗಿಸಿಕೊಂಡು ಹೋದ.

ಈಗ ಮೋದ್ರಿಸ್‌ಗೆ ಯಾರ ಮೇಲಾದರೂ ತಪ್ಪು ಹೊರಿಸಬೇಕಾಗಿತ್ತು.

ಮಾರ್ಚಿನ ಕೊನೆಯ ಶನಿವಾರ ನಮ್ಮ ಸಮುದಾಯ ಭವನದಲ್ಲಿ ಕೊಂಬಿನ ಹಬ್ಬ. ಸುತ್ತಲಿನ ಜಿಂಕೆ ಸಾಕುವವರು ಉದುರಿದ ಕೊಂಬುಗಳನ್ನು ತಂದು ಗೋಡೆಗೆ ತೂಗುಹಾಕುತ್ತಾರೆ, ಚೆನ್ನಾಗಿರುವುದಕ್ಕೆ ಬಹುಮಾನ. ಆಮೇಲೆ ಊಟ, ಹಾಡು. ಆ ವರ್ಷವೂ ವೆಲ್ತಾ ಅಡುಗೆಮನೆಯಲ್ಲಿದ್ದಳು, ಬೂದು ಬಟಾಣಿ ಬೇಯಿಸಿ ಹಂದಿಮಾಂಸದ ಒಗ್ಗರಣೆ ಹಾಕುತ್ತಿದ್ದಳು. ಮೋದ್ರಿಸ್ ಮೈಕು ಹಿಡಿದು ಎಲ್ಲರಿಗೂ ಸ್ವಾಗತ ಕೋರಿದ. ತನ್ನ ಫಾರ್ಮಿನ ಮರಿಗಳ ಬಗ್ಗೆ ಬೇರೆ ಬೇರೆ ಮಾತು ಹಬ್ಬಿದೆ, ಮರೆಮಾಚುವುದು ತನಗೆ ಗೊತ್ತಿಲ್ಲ ಎಂದ. ಎರಡೆರಡು ಸಲ ಒಳ್ಳೆಯ ಮದ್ದು ತರಿಸಿದೆ, ಆದರೂ ಸತ್ತವು, ಯಾಕೆ ಎಂದು ಕೇಳಿದ. ಉತ್ತರವನ್ನೂ ತಾನೇ ಹೇಳಿದ.

"ಜಿಂಕೆ ಮದ್ದು ಜಿಂಕೆ ಹೊಟ್ಟೆಗೆ ಹೋಗ್ಬೇಕು ಸ್ವಾಮಿ. ಯಾರ್ದೋ ಮನೆ ಕುರಿ ಹೊಟ್ಟೆಗಲ್ಲ."

ಸಭೆ ನಕ್ಕಿತು. ವೆಲ್ತಾಳ ಮನೆಯಲ್ಲಿ ಎಂಟು ಕುರಿಗಳಿರುವುದು ಊರಿಗೆಲ್ಲ ಗೊತ್ತು. ನಾನು ಅಡುಗೆಮನೆಯ ಬಾಗಿಲಿನ ಕಡೆ ನೋಡಿದೆ. ಅವಳು ಬ್ರೆಡ್ಡು ಕೊಯ್ಯುವ ಚಾಕು ಹಿಡಿದು ನಿಂತಿದ್ದಳು. ಚಾಕು ಕೆಳಗಿಟ್ಟು, ಏಪ್ರನ್ ಬಿಚ್ಚಿ ಮಡಚಿ, ಹಿಂದಿನ ಬಾಗಿಲಿನಿಂದ ಹೋದಳು. ಬಟಾಣಿಯನ್ನು ಬೇರೆ ಯಾರೋ ಬಡಿಸಿದರು. ನಾನೂ ಕೂತು ತಿಂದೆ.

ಸೋಮವಾರ ಅವಳನ್ನು ಕೆಲಸದಿಂದ ತೆಗೆದರು. ಕಾಗದದಲ್ಲಿ "ಮಾಲೀಕರ ಸ್ವತ್ತಿನ ಕಳವು" ಎಂದು ಕಾರಣ ಬರೆದಿತ್ತು. ಪೊಲೀಸಿಗೆ ದೂರು ಕೊಡುವುದಿಲ್ಲ, ಅದು ತನ್ನ ದೊಡ್ಡತನ ಎಂದು ಮೋದ್ರಿಸ್ ಎಲ್ಲರೆದುರು ಹೇಳಿಕೊಂಡು ತಿರುಗಿದ. ದೂರು ಕೊಟ್ಟಿದ್ದರೆ ತನಿಖೆ ಆಗುತ್ತಿತ್ತು, ಅದು ಅವನಿಗೆ ಬೇಕಿರಲಿಲ್ಲ. ಇದು ಆಗ ನಮಗೆ ಯಾರಿಗೂ ತೋಚಲಿಲ್ಲ. ಅಂಗಡಿಯಲ್ಲಿ ಕ್ಯೂ ನಿಂತ ಹೆಂಗಸರು "ನಿನ್ ಕುರಿ ಚೆನ್ನಾಗಿ ದಪ್ಪ ಆಗಿದಾವಂತಲ್ಲ" ಎಂದು ಅವಳನ್ನು ಕೇಳಿದರು. ಹತ್ತೊಂಬತ್ತು ವರ್ಷ ಮಾಡಿದ ಕೆಲಸಕ್ಕೆ ನಮ್ಮೂರು ಕೊಟ್ಟ ಬಹುಮಾನ ಅದು. ಅದರ ಮೇಲೆ ನನ್ನ ಪತ್ರಿಕೆ ಬಂತು.

ಪತ್ರಿಕೆ ಬಂದ ಮರುದಿನ ವೆಲ್ತಾ ಗ್ರಂಥಾಲಯಕ್ಕೆ ಬಂದಳು. ಕೋಟು ಬಿಚ್ಚಲಿಲ್ಲ, ಕೂರಲಿಲ್ಲ. ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು.

"ಅವನು ಹೇಳ್ದ, ಸರಿ. ಅವನು ಅಂಥೋನೇ. ನೀನೂ ಬರ್ದೆಯಲ್ಲ ಔಸ್ಮಾ."

ನಾನು ಹೆಸರು ಹಾಕಿಲ್ಲ ಎಂದೆ.

"ಹಾಕ್ಬೇಕಿತ್ತು. ಹಾಕಿದ್ರೆ ಕೋರ್ಟಿಗಾದ್ರೂ ಹೋಗ್ತಿದ್ದೆ. ಈಗ ಎಲ್ಲಿಗೆ ಹೋಗ್ಲಿ, ಹೇಳು."

ಅವಳು ಅಳುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಆ ಸಾಲಿನ ಮೇಲಿಟ್ಟ ಬೆರಳನ್ನು ಮಾತ್ರ ಎತ್ತಲಿಲ್ಲ. ತಪ್ಪಾಯಿತು, ಏನು ಮಾಡಬೇಕು ಹೇಳು ಎಂದು ಕೇಳಿದೆ. ಅವಳು ಆಗಲೇ ಯೋಚನೆ ಮಾಡಿಕೊಂಡು ಬಂದಿದ್ದಳು. ತಾನು ಮದ್ದು ಕದ್ದಿದ್ದರೆ ಒಂದು ಜಿಂಕೆಗೂ ಮದ್ದು ಸಿಕ್ಕಿರಬಾರದು ಅಲ್ಲವೇ, ಗಂಡು ಹೆಣ್ಣು ಮರಿ ಎಲ್ಲದರ ಹೊಟ್ಟೆಯಲ್ಲೂ ಒಂದೇ ಥರ ಹುಳು ಇರಬೇಕು ಅಲ್ಲವೇ ಎಂದು ಕೇಳಿದಳು. ತನ್ನ ಕುರಿಗಳಿಗೆ ಹಾಕಿದ್ದರೆ ಅವುಗಳಲ್ಲಿ ಹುಳು ಇರಬಾರದು. ಹಾಗಾದರೆ ಹಿಕ್ಕೆ ನೋಡಲಿ. ಹಿಕ್ಕೆಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಳು.

ಮೊದಲು ಇಬ್ಬರೂ ಡಾಕ್ಟರ್ ಉಲ್ದಿಸ್‌ನ ಹತ್ತಿರ ಹೋದೆವು. ಕೆಟ್ಟವನಲ್ಲ. ನನ್ನ ನಾಯಿಗೆ ಹುಷಾರಿಲ್ಲದಾಗ ಭಾನುವಾರವೂ ಬಂದಿದ್ದ. ವೆಲ್ತಾ ಹೇಳಿದ್ದನ್ನೆಲ್ಲ ತಲೆ ಬಗ್ಗಿಸಿ ಕೇಳಿದ. ಮಾಲೀಕರು ಕೇಳದೆ ತಾನು ಆ ಫಾರ್ಮಿನ ಹಿಕ್ಕೆ ಮುಟ್ಟಲಾಗುವುದಿಲ್ಲ ಎಂದ. ಅಕ್ಟೋಬರಿನ ಪರೀಕ್ಷೆಗೆ ಹಿಕ್ಕೆ ಎಲ್ಲಿಂದ ತಂದಿರಿ ಡಾಕ್ಟ್ರೇ ಎಂದು ವೆಲ್ತಾ ಮೆತ್ತಗೆ ಕೇಳಿದಳು. ಅವನು ಕಿಟಕಿಯ ಕಡೆ ನೋಡುತ್ತಾ, ಈ ವಿಷಯ ಬೆಳೆಸಬೇಡಿ, ನಿಮಗೇ ಒಳ್ಳೆಯದಲ್ಲ ಎಂದ. ಈ ತಾಲ್ಲೂಕಿನಲ್ಲಿ ಅವನ ಅತಿ ದೊಡ್ಡ ಗಿರಾಕಿ ಮೋದ್ರಿಸ್. ಹೊರಗೆ ಬಂದ ಮೇಲೆ ನನಗೆ ಬಂದ ಸಿಟ್ಟಿಗೆ ಅವನ ಗೇಟಿನ ಚಿಲಕ ಹಾಕದೆ ಹಾಗೇ ಬಿಟ್ಟು ಬಂದೆ. ಅಷ್ಟೇ ನನ್ನ ಕೈಲಾಗಿದ್ದು.

ಹಿಕ್ಕೆ ಬೇಕು, ಆದರೆ ಬೇಲಿಯೊಳಗೆ ಹೋಗುವ ಹಾಗಿಲ್ಲ. ಹೋದರೆ ಇನ್ನೊಂದು ಕಳ್ಳತನದ ಮಾತು ಹುಟ್ಟುತ್ತದೆ. ಬೇಲಿಯ ಒಂದು ಮಗ್ಗುಲು ಸರ್ಕಾರಿ ಕಾಡಿನ ರಸ್ತೆ. ಆ ರಸ್ತೆಯಲ್ಲಿ ಯಾರು ಬೇಕಾದರೂ ನಿಲ್ಲಬಹುದು. ವೆಲ್ತಾ ತನ್ನ ಮನೆಯ ಸಾರಿನ ಸೌಟನ್ನು ಹುಲ್ಲು ಬಾಚುವ ಕೋಲಿನ ತುದಿಗೆ ತಂತಿಯಿಂದ ಬಿಗಿದಳು. ನಾನು ಮೊಸರಿನಂಥ ಹುಳಿಕೆನೆಯ ಖಾಲಿ ಡಬ್ಬಿಗಳನ್ನು ತೊಳೆದು, ಒಣಗಿಸಿ, ಚೀಟಿ ಅಂಟಿಸಿ ತಂದೆ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಮುದುಕಿಯರು ಕಾಡಿನ ರಸ್ತೆಯಲ್ಲಿ ನಿಂತೆವು.

ಅವಳು "ಹೋ ಹೋ ಹೋ" ಎಂದು ಕೂಗಿದಳು. ಮೊದಲು ಏನೂ ಆಗಲಿಲ್ಲ. ಎರಡನೆಯ ಸಲ ಕೂಗಿದಾಗ ದಿಬ್ಬದ ಮೇಲೆ ಕಿವಿಗಳು ಕಂಡವು. ಆಮೇಲೆ ಹಿಂಡಿಗೆ ಹಿಂಡೇ ಇಳಿದು ಬಂತು. ಕೊಂಬು ಉದುರಿಸಿಕೊಂಡ ಗಂಡುಗಳು ಮುಂದೆ, ಹೊಟ್ಟೆ ತುಂಬಿದ ಹೆಣ್ಣುಗಳು ಅವುಗಳ ಹಿಂದೆ. ಮರಿಗಳು ತುಂಬಾ ತಡವಾಗಿ, ಒಂದೊಂದಾಗಿ, ಕಾಲೆಳೆದುಕೊಂಡು ಬಂದವು. ಒಂದು ಮರಿಯ ಹಿಂಗಾಲುಗಳ ಒಳಮೈಯಲ್ಲಿ ಕೂದಲೆಲ್ಲ ಉದುರಿ ಚರ್ಮ ಕೆಂಪಾಗಿತ್ತು. ವೆಲ್ತಾ ತಂತಿಬೇಲಿಗೆ ಹಣೆ ಒತ್ತಿಕೊಂಡು ನಿಂತಳು. ಅವಳ ಕೈಯಲ್ಲಿ ಅವುಗಳಿಗೆ ಕೊಡಲು ಏನೂ ಇರಲಿಲ್ಲ. ಕೊಟ್ಟರೆ ಅದಕ್ಕೂ ಒಂದು ಹೆಸರಿಟ್ಟಾರು ಎಂದು ಒಂದು ತುಂಡು ಬ್ರೆಡ್ಡನ್ನೂ ತಂದಿರಲಿಲ್ಲ. ಹತ್ತು ನಿಮಿಷ ಅವು ನಿಂತವು, ಇವಳೂ ನಿಂತಳು.

ಹೀಗೆ ನಾಲ್ಕು ಬೆಳಿಗ್ಗೆ ಹೋದೆವು. ಪ್ರಾಣಿ ಬಾಲ ಎತ್ತುವುದನ್ನು ಕಾಯುವುದು, ಬಿದ್ದ ಕೂಡಲೇ ತಂತಿಯ ಕಣ್ಣಿನಿಂದ ಸೌಟು ತೂರಿಸಿ ಎಳೆದುಕೊಳ್ಳುವುದು, ಯಾವ ಪ್ರಾಣಿಯದೆಂದು ನಾನು ಚೀಟಿಯಲ್ಲಿ ಬರೆಯುವುದು. ಎರಡನೆಯ ದಿನ ಮೋದ್ರಿಸ್‌ನ ಹೊಸ ಆಳು ಟ್ರ್ಯಾಕ್ಟರ್ ನಿಲ್ಲಿಸಿ ನಮ್ಮನ್ನು ನೋಡಿದ, ಫೋನಿನಲ್ಲಿ ಫೋಟೋ ತೆಗೆದುಕೊಂಡ. ಏನು ಮಾಡುತ್ತಿದ್ದೀರೆಂದು ಕೇಳಿದ. "ಸಾರು ಬಡಿಸ್ತಾ ಇದೀವಪ್ಪ, ನಿಂಗೂ ಬೇಕಾ?" ಎಂದಳು ವೆಲ್ತಾ. ಆ ಹದಿನೈದು ದಿನದಲ್ಲಿ ಅವಳು ನಗಿಸಿದ್ದು ಅದೊಂದೇ ಸಲ.

ಒಟ್ಟು ಹತ್ತು ಡಬ್ಬಿಗಳಾದವು. ಗಂಡುಗಳದ್ದು ಮೂರು, ಹೆಣ್ಣುಗಳದ್ದು ಮೂರು, ಮರಿಗಳದ್ದು ನಾಲ್ಕು. ಹನ್ನೊಂದನೆಯ ಡಬ್ಬಿಗೆ ಅವಳು ತನ್ನ ಕೊಟ್ಟಿಗೆಯ ಕುರಿ ಹಿಕ್ಕೆ ತುಂಬಿದಳು, ನನ್ನ ಕಣ್ಣೆದುರೇ ತುಂಬಿದಳು. ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಷ್ಟು ಹೊತ್ತೂ ಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡಿದ್ದಳು. ಮುಂದಿನ ಸೀಟಿನವನು ಎರಡು ಸಲ ತಿರುಗಿ ಮೂಗು ಹಿಂಡಿ, ಆಮೇಲೆ ಎದ್ದು ಹಿಂದೆ ಹೋದ.

ಪ್ರಯೋಗಾಲಯದಲ್ಲಿ ಲಿಗಿತಾ ಎಂಬ ಹೆಂಗಸು ನಮ್ಮ ಡಬ್ಬಿಗಳನ್ನು ತೆಗೆದುಕೊಂಡಳು. ಎರಡು ದಿನ ಬಿಟ್ಟು ಬನ್ನಿ ಎಂದಳು. ಹೋದಾಗ ಕೂರಿಸಿ ವಿವರಿಸಿದಳು. ಅವಳಿಗೆ ನಮ್ಮ ಕಥೆ ಗೊತ್ತಿರಲಿಲ್ಲ, ಚೀಟಿಯಲ್ಲಿದ್ದಷ್ಟೇ ಗೊತ್ತು. ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಎಣಿಸುತ್ತೇವೆ ಎಂದಳು. ಮರಿಗಳ ಹಿಕ್ಕೆಯಲ್ಲಿ ಒಂದೊಂದು ಗ್ರಾಮಿಗೆ ಏಳುನೂರು, ಒಂಬೈನೂರು ಮೊಟ್ಟೆಗಳಿದ್ದವು. ಹೆಣ್ಣುಗಳಲ್ಲಿ ಒಂದರದ್ದು ಕಡಿಮೆ, ಎರಡರದ್ದು ಜಾಸ್ತಿ. ಗಂಡುಗಳ ಮೂರು ಡಬ್ಬಿಗಳಲ್ಲಿ ಒಂದೇ ಒಂದು ಮೊಟ್ಟೆಯೂ ಇರಲಿಲ್ಲ.

"ಚಳಿಗಾಲ ಕಳೆದು ಬಂದ ಗಂಡುಗಳಲ್ಲಿ ಒಂದಿಷ್ಟಾದ್ರೂ ಮೊಟ್ಟೆ ಇದ್ದೇ ಇರ್ತವೆ. ಮೂರರಲ್ಲೂ ಸೊನ್ನೆ ಅಂದ್ರೆ ಇವು ಈಚೆಗೆ ಮದ್ದು ತಿಂದಿದಾವೆ. ಬೇರೆಯವರ ಪಾಲೂ ಸೇರ್ಸಿ ತಿಂದಿದಾವೆ" ಎಂದಳು ಲಿಗಿತಾ. ಆಮೇಲೆ ಹನ್ನೊಂದನೆಯ ಚೀಟಿ ಎತ್ತಿಕೊಂಡಳು. "ಈ ಕುರಿ ಯಾರ್ದಮ್ಮ? ಮದ್ದು ಕಂಡು ವರ್ಷದ ಮೇಲಾಗಿರ್ಬೇಕು. ಹೊಟ್ಟೆ ತುಂಬ ಹುಳಾನೇ."

ವೆಲ್ತಾಳ ಮುಖ ಕೆಂಪಾಯಿತು. "ನಂದೇ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಖಾಲಿ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ವರ್ಷ ಅವನ ಜಿಂಕೆಗಳ ಬಾಲ ನೋಡಿಕೊಂಡು ತನ್ನ ಕುರಿಗಳದ್ದು ನೋಡಲೇ ಇಲ್ಲ, ಈಗ ಕಳ್ಳಿಯಲ್ಲ ಎಂದು ತೋರಿಸಲು ಕುರಿ ಸರಿಯಾಗಿ ಸಾಕಲಿಲ್ಲವೆಂದು ಊರಿಗೆಲ್ಲ ಹೇಳಬೇಕು ಎಂದಳು. ತಪ್ಪು ಮಾಡಿದವನು ಮೈಕು ಹಿಡಿದು ನಿಲ್ಲುತ್ತಾನೆ. ಮಾಡದವಳು ಹಿಕ್ಕೆಯ ಡಬ್ಬಿ ಹೊತ್ತುಕೊಂಡು ಊರೂರು ಅಲೆಯಬೇಕು, ತನ್ನ ಕೊಟ್ಟಿಗೆಯ ನಾಚಿಕೆಯನ್ನು ಬಯಲಿಗಿಡಬೇಕು.

ಫಲಿತಾಂಶದ ಕಾಗದ ಹಿಡಿದು ಮೋದ್ರಿಸ್‌ನ ಆಫೀಸಿಗೆ ಹೋದೆವು. ಅವನು ನಿಧಾನವಾಗಿ ಓದಿದ. ಓದುತ್ತಾ ಓದುತ್ತಾ ಅವನಿಗೆ ಅರ್ಥವಾದದ್ದು ನನಗೆ ಕಂಡಿತು, ಅದಕ್ಕೆ ನಾನು ಪ್ರಮಾಣ ಮಾಡಬಲ್ಲೆ. ಕಾಗದ ಮಡಚಿ ವಾಪಸು ಕೊಟ್ಟು, ದೊಡ್ಡ ಗಂಡುಗಳಿಗೆ ಹುಟ್ಟಿನಿಂದಲೇ ಶಕ್ತಿ ಜಾಸ್ತಿ, ಅವುಗಳಿಗೆ ಹುಳು ಹಿಡಿಯುವುದಿಲ್ಲ ಎಂದ. ಕುರಿಗಳ ವಿಷಯ ಏನಂತೀರಿ ಎಂದು ನಾನು ಕೇಳಿದೆ.

"ಕುರಿ ಹಿಕ್ಕೆ ಮೇಲೆ ಹೆಸರು ಬರ್ದಿರುತ್ತಾ ಔಸ್ಮಾ ಮೇಡಂ? ಯಾರ್ದೋ ಕುರೀದು ತುಂಬ್ಕೊಂಡು ಹೋಗಿರ್ಬೋದು."

"ನಾನು ಕಣ್ಣಾರೆ ನೋಡಿದೀನಿ" ಎಂದೆ.

"ನೀವು ಅವ್ರ ಸ್ನೇಹಿತೆ" ಎಂದ ಅವನು. ಮೈಕಿನ ಮುಂದೆ ಅವನು ಹೇಳಿದ್ದನ್ನು ಹಾಗೇ ಬರೆದುಕೊಂಡಾಗ ನಾನು ಪತ್ರಕರ್ತೆಯಾಗಿದ್ದೆ. ಈಗ ಸ್ನೇಹಿತೆಯಾದೆ.

ವೆಲ್ತಾ ಮಾತ್ರ ಹೊರಡುವ ಮೊದಲು ಒಂದೇ ಮಾತು ಹೇಳಿದಳು. "ನನ್ನ ವಿಷ್ಯ ಹಾಳಾಗ್ಲಿ. ಮರಿಗಳಿಗೆ ಬೇರೆ ಕಡೆ ತೊಟ್ಟಿ ಇಡ್ಸಿ. ಇನ್ನೂ ಮೂವತ್ತು ಉಳ್ಕೊಂಡಿದಾವೆ."

ಮೇ ಸಂಚಿಕೆಯ ಮೊದಲ ಪುಟದಲ್ಲಿ ನಾನು ಎಲ್ಲವನ್ನೂ ಹಾಕಲು ಕೂತೆ. ಹತ್ತು ಡಬ್ಬಿಗಳ ಫಲಿತಾಂಶ, ಹನ್ನೊಂದನೆಯದರದ್ದೂ, ಗೋದಲಿಯ ಉದ್ದ, ವೆಲ್ತಾ ಅಕ್ಟೋಬರಿನಲ್ಲಿ ಕೇಳಿದ್ದು, ಏಪ್ರಿಲಿನಲ್ಲಿ ನಾನು ಬರೆದ ವಾಕ್ಯ ಸುಳ್ಳು ಎಂಬುದು. ಎಲ್ಲರ ಹೆಸರನ್ನೂ ಹಾಕಿದೆ, ನನ್ನದನ್ನೂ. ಅಚ್ಚಿಗೆ ಕೊಡುವ ಹಿಂದಿನ ದಿನ ಪಂಚಾಯ್ತಿ ಅಧ್ಯಕ್ಷರು ಗ್ರಂಥಾಲಯಕ್ಕೆ ಬಂದು, ಪತ್ರಿಕೆ ಇರುವುದು ಊರಿನ ಒಳ್ಳೆಯ ಸುದ್ದಿಗೆ, ಜಿಂಕೆ ಹೊಟ್ಟೆಯ ಹುಳುವಿಗಲ್ಲ ಎಂದರು. ಏಪ್ರಿಲಿನಲ್ಲಿ ಅದೇ ಹುಳುವಿನ ಸುದ್ದಿ ಹಾಕಿದಾಗ ನೀವು ಏನೂ ಹೇಳಲಿಲ್ಲವಲ್ಲ ಎಂದು ಕೇಳಿದೆ. ಯೋಚನೆ ಮಾಡಿ ಎಂದು ಹೇಳಿ ಹೋದರು.

ಅದೇ ದಿನ ಮಧ್ಯಾಹ್ನ ಡಾಕ್ಟರ್ ಉಲ್ದಿಸ್ ಬಂದ. ಪುಸ್ತಕದ ಕಪಾಟುಗಳ ಮಧ್ಯೆ ಸುಮ್ಮನೆ ಓಡಾಡಿ, ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ನಿಂತ. ಪ್ರಯೋಗಾಲಯದ ಕಾಗದ ನೋಡಿದ್ದೇನೆ, ಮದ್ದನ್ನು ಗೋದಲಿಗೆ ಹಾಕಿದ್ದು ನಿಜ, ಗಂಡುಗಳು ತಿಂದಿದ್ದೂ ನಿಜ, ಕಳವು ಆಗಿಲ್ಲ ಎಂದು ಬರೆದುಕೊಡುತ್ತೇನೆ ಎಂದ. ಅಕ್ಟೋಬರಿನ ಪರೀಕ್ಷೆಯ ವಿಷಯ ಎಂದು ನಾನು ಬಾಯಿ ತೆರೆದೆ.

"ಅದು ಕೇಳ್ಬೇಡಿ. ಇಷ್ಟೇ ನನ್ ಕೈಲಾಗೋದು."

ಆ ಅರ್ಧ ಧೈರ್ಯವನ್ನು ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ವೆಲ್ತಾಗೆ ಅದು ಬೇಕಾಗಿತ್ತು. ತೆಗೆದುಕೊಂಡೆ, ಮೊದಲ ಪುಟದ ಕೆಳಗೆ ಹಾಕಿದೆ. ಪರೀಕ್ಷೆ ಮಾಡದೆಯೇ ಪರೀಕ್ಷೆಯ ಕಾಗದ ಹೇಗೆ ಹುಟ್ಟಿತು ಎಂಬ ಪ್ರಶ್ನೆಯನ್ನು ಅದರ ಪಕ್ಕದಲ್ಲೇ ಹಾಕಿದೆ.

ಪತ್ರಿಕೆ ಬಂತು. ಅಂಗಡಿಯ ಮುಂದೆ ನಿಂತು ಜನ ಓದಿದರು. ಕುರಿ ದಪ್ಪವಾಗಿದೆಯಂತೆ ಎಂದು ಕೇಳಿದ್ದ ಹೆಂಗಸರಲ್ಲಿ ಒಬ್ಬಳು ವೆಲ್ತಾಳ ಮನೆಗೆ ಹೋಗಿ ಮೊಟ್ಟೆ ಕೊಟ್ಟು ಬಂದಳು. ಉಳಿದವರು ಏನೂ ನಡೆದೇ ಇಲ್ಲ ಎನ್ನುವ ಹಾಗೆ ನಮಸ್ಕಾರ ಹೇಳತೊಡಗಿದರು. ವಾರದೊಳಗೆ ಮೋದ್ರಿಸ್‌ನ ಫಾರ್ಮಿನ ಬೇಲಿಯುದ್ದಕ್ಕೂ ಹೊಸ ಹಲಗೆಯ ತೊಟ್ಟಿಗಳು ಬಂದವು. ಎಣಿಸಿ ನೋಡಿದೆ, ಮೂವತ್ತು. ಗಂಡುಗಳನ್ನು ಬೇರೆ ಬೇಲಿಗೆ ಹಾಕಿದ್ದರು. ಜೂನಿನ ಹೊತ್ತಿಗೆ ಮರಿಗಳ ಮೈ ಹೊಳೆಯತೊಡಗಿತ್ತು ಎಂದು ಅದೇ ಹೊಸ ಆಳು ಹೇಳಿದ. ವೆಲ್ತಾ ಹೇಳಿದ್ದನ್ನೆಲ್ಲ ಮೋದ್ರಿಸ್ ಅಕ್ಷರ ಬಿಡದೆ ಮಾಡಿದ್ದ, ಅವಳು ಹೇಳಿದ್ದು ಎಂಬುದೊಂದನ್ನು ಬಿಟ್ಟು.

ಆಮೇಲೆ ಒಂದು ದಿನ ಅವನು ಚಾಕೊಲೇಟ್ ಡಬ್ಬಿ ಹಿಡಿದು ವೆಲ್ತಾಳ ಮನೆಗೆ ಹೋದ. ಜಿಂಕೆಗಳು ಹೊಸಬನ ಮಾತು ಕೇಳುತ್ತಿಲ್ಲ, ಆದದ್ದು ಆಯಿತು, ಸಂಬಳ ಜಾಸ್ತಿ ಮಾಡುತ್ತೇನೆ, ಬನ್ನಿ ಎಂದು ಕರೆದ. ನಾನು ಅಲ್ಲೇ ಇದ್ದೆ, ಸೊರೆಲ್ ಸೊಪ್ಪಿನ ಸಾರಿಗೆ ಸೊಪ್ಪು ಬಿಡಿಸುತ್ತಿದ್ದೆ. ವೆಲ್ತಾ ಅವನನ್ನು ಒಳಗೆ ಕರೆದಳು, ಕುರ್ಚಿ ಕೊಟ್ಟಳು.

"ಮೋದ್ರಿಸ್ ಅವ್ರೇ, ನೀವು ಇನ್ನೂರು ಜನದ ಮುಂದೆ ನನ್ನ ಕಳ್ಳಿ ಮಾಡಿದ್ರಿ. ಅದೇ ಇನ್ನೂರು ಜನದ ಮುಂದೆ ಅಲ್ಲ ಅನ್ನಿ. ಮಾರನೇ ದಿನ ಏಳು ಗಂಟೆಗೆ ಬೇಲಿ ಹತ್ರ ಇರ್ತೀನಿ."

ಅದೆಲ್ಲ ಈಗ ಯಾಕೆ, ಪತ್ರಿಕೆಯಲ್ಲಿ ಬಂದಿದೆಯಲ್ಲ ಎಂದ ಅವನು.

"ಪತ್ರಿಕೆ ಔಸ್ಮಾ ಬರ್ದಿದ್ದು. ನೀವೇನೂ ಹೇಳಿಲ್ಲ."

ಅವನು ಎದ್ದು ಹೋದ. ಚಾಕೊಲೇಟ್ ಡಬ್ಬಿಯನ್ನು ಮರೆತನೋ ಬೇಕೆಂದೇ ಬಿಟ್ಟನೋ. ವೆಲ್ತಾ ಅದನ್ನು ಹಿಂದೆಯೇ ಓಡಿಹೋಗಿ ಅವನ ಕಾರಿನ ಬಾನೆಟ್ಟಿನ ಮೇಲಿಟ್ಟು ಬಂದಳು.

ಜೂನ್ ಸಂಚಿಕೆಯಿಂದ ಪತ್ರಿಕೆಯನ್ನು ಪಂಚಾಯ್ತಿ ಆಫೀಸಿನವರೇ ಬಣ್ಣದಲ್ಲಿ ಹೊರಡಿಸುತ್ತಾರೆ. ನನಗೆ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ವೆಲ್ತಾ ಇಪ್ಪತ್ತು ಕಿಲೋಮೀಟರ್ ಆಚೆ ಇಬ್ಬರು ಅಕ್ಕತಂಗಿಯರು ನಡೆಸುವ ಸಣ್ಣ ಜಿಂಕೆ ಫಾರ್ಮಿಗೆ ಸೇರಿಕೊಂಡಳು. ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೆಲಸದಿಂದ ತೆಗೆದ ಕಾಗದದ ವಿರುದ್ಧ ಅವಳು ಬರೆದ ದೂರಿಗೆ ಆಗಸ್ಟಿನಲ್ಲಿ ಕಾರ್ಮಿಕ ಇಲಾಖೆಯಿಂದ ಉತ್ತರ ಬಂತು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು, ನೀನೇ ಓದು ಎಂದು ಗ್ರಂಥಾಲಯದಲ್ಲಿ ನನ್ನ ಮುಂದೆ ಇಟ್ಟಳು. ಕಳವು ಎಂಬ ಕಾರಣಕ್ಕೆ ಆಧಾರವಿಲ್ಲ, ಆ ಪದವನ್ನು ತೆಗೆದುಹಾಕತಕ್ಕದ್ದು ಎಂದಿತ್ತು. ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ.

"ಮರಿಗಳ ವಿಷ್ಯ ಏನೂ ಇಲ್ವಾ ಅದ್ರಲ್ಲಿ?"

ಇರಲಿಲ್ಲ. ಹಾಳೆಯನ್ನು ತಿರುಗಿಸಿ ನೋಡಿದೆ, ಹಿಂದೆ ಖಾಲಿ. ಅದು ಅವರ ಇಲಾಖೆಯ ವಿಷಯವಲ್ಲ ಎಂದೆ.

"ಮತ್ತೆ ಯಾರ ಇಲಾಖೆ?" ಎಂದಳು ಅವಳು. ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು, ಅಕ್ಕತಂಗಿಯರ ಫಾರ್ಮಿನಲ್ಲಿ ಸಂಜೆಯ ಮೇವು ಹಾಕುವುದಿತ್ತು. ಕಾಗದವನ್ನು ಕೋಟಿನ ಒಳಜೇಬಿಗೆ ಸೇರಿಸಿಕೊಂಡು ಹೊರಟಳು.